ಸರ್ವರ್ ಬಿದ್ದರೆ ದಿನದ ಕೂಲಿ ಕಳ್ಕೊಳ್ಳೋದು ಯಾರು?

ಹೊಸರಿತ್ತಿಯ ರೈತರೊಬ್ಬರು ಜಮೀನು ಮಾರಬೇಕು ಅಂದ್ರೆ ಉಪನೋಂದಣಿ ಕಚೇರಿಯ ಮೆಟ್ಟಿಲು ಹತ್ತಲೇಬೇಕು. ಹಾವೇರಿಗೆ ಹೋಗಲಿ, ಬ್ಯಾಡಗಿಗೆ ಹೋಗಲಿ, ರಾಣೆಬೆನ್ನೂರಿಗೆ ಹೋಗಲಿ, ಎಲ್ಲ ಕಡೆ ಕೆಲಸ ನಡೆಯುವುದು ಕಾವೇರಿ 2.0 ಎಂಬ ಒಂದೇ ತಂತ್ರಾಂಶದಲ್ಲಿ. 2025ರ ಜನವರಿಯಲ್ಲಿ ಅದೇ ಮುಗ್ಗರಿಸಿತು, ರಾಜ್ಯದಾದ್ಯಂತ ನೋಂದಣಿಗೆ ಪೆಟ್ಟು ಬಿತ್ತು.

ಆಗಿದ್ದೇನು? ನಕಲಿ ಖಾತೆಗಳನ್ನು ತೆರೆದು ಋಣಭಾರ ಪ್ರಮಾಣಪತ್ರದ ಹುಡುಕಾಟಕ್ಕೆ ಸುಳ್ಳು ಕೋರಿಕೆಗಳನ್ನು ಸುರಿಯಲಾಯಿತು. ಎರಡೇ ಗಂಟೆಯಲ್ಲಿ 62 ಖಾತೆಗಳಿಂದ 6.2 ಲಕ್ಷ ಕೋರಿಕೆ! ಇದಕ್ಕೆ ಡಿಡಿಒಎಸ್ ದಾಳಿ ಅಂತಾರೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಗೇಟಿಗೆ ಯಾರೋ ನೂರಾರು ಖಾಲಿ ಲಾರಿ ತಂದು ನಿಲ್ಲಿಸಿದ ಹಾಗೆ. ಬೀಗ ಒಡೆದಿಲ್ಲ, ಒಂದು ಚೀಲವೂ ಕಳುವಾಗಿಲ್ಲ. ಆದರೆ ನಿಜವಾದ ರೈತನ ಗಾಡಿ ಒಳಗೆ ಹೋಗಲ್ಲ.

ಇನ್ನೊಂದು ಪ್ರಕರಣ ನೋಡಿ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾಯಿತು. ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಕಂಪನಿ ಅದು. ಸೋಂಕು ಹರಡದಿರಲಿ ಎಂದು ಎನ್‌ಪಿಸಿಐ ಅದರ ಸಂಪರ್ಕ ಕಡಿದಾಗ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಯುಪಿಐ, ಎಟಿಎಂ ಸೇವೆಗಳಿಗೆ ತಡೆ ಬಿತ್ತು. ದಾಳಿ ನಡೆದದ್ದು ಬ್ಯಾಂಕಿನ ಮೇಲಲ್ಲ, ಅದು ನಂಬಿದ್ದ ಕಂಪನಿಯ ಮೇಲೆ.

ಎರಡೂ ಪ್ರಕರಣ ಹೇಳೋದು ಒಂದನ್ನೇ: ದಾಳಿ ಆಗೇ ಆಗುತ್ತೆ ಅಂತ ಇಟ್ಟುಕೊಂಡು, ಮರುದಿನ ಕೆಲಸ ನಡೆಸೋದು ಹೇಗೆ ಅನ್ನೋದನ್ನು ಮೊದಲೇ ಯೋಚಿಸಿರಬೇಕು. ಇದು ಬೆಂಗಳೂರಿನ ಐಟಿ ಕಂಪನಿಗಳ ಚಿಂತೆ ಮಾತ್ರ ಅಲ್ಲ. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರಲ್ಲೇ ಒಪ್ಪಿಗೆ ಕೊಟ್ಟಿದೆ. ಊರಿನ ಸೊಸೈಟಿಯೂ ಈಗ ಈ ಆಟದ ಒಳಗಿದೆ.

ಹಾಗಾದ್ರೆ ಸಣ್ಣ ಕಚೇರಿ ಮಾಡಬೇಕಾದ್ದೇನು? ಎಲ್ಲರಿಗೂ ಒಂದೇ ಪಾಸ್‌ವರ್ಡ್ ಬೇಡ. ಒಬ್ಬೊಬ್ಬರಿಗೂ ಪ್ರತ್ಯೇಕ ಲಾಗಿನ್, ಜೊತೆಗೆ ಒಟಿಪಿಯಂಥ ಎರಡನೇ ಹಂತ ಇರಲಿ. ದಾಖಲೆಯ ಒಂದು ಪ್ರತಿ ನೆಟ್‌ವರ್ಕಿನಿಂದ ಹೊರಗೆ, ಬೇರೆ ಜಾಗದಲ್ಲಿರಲಿ. ಮೂರು ತಿಂಗಳಿಗೊಮ್ಮೆ ಅದನ್ನು ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ. ಸರ್ವರ್ ಇಲ್ಲದ ದಿನ ಕಾಗದದ ಮೇಲೆ ಯಾವ ಕೆಲಸ ನಡೆಯಬೇಕು, ಟೋಕನ್ ಹೇಗೆ ಕೊಡಬೇಕು ಅನ್ನೋದು ಬರಹದಲ್ಲಿರಲಿ. ದುಡ್ಡು ಹೋದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ದಾಳಿಯಾದರೆ 6 ಗಂಟೆಯೊಳಗೆ ಸರ್ಟ್-ಇನ್‌ಗೆ ವರದಿ ಮಾಡಬೇಕೆಂಬುದು 2022ರ ನಿಯಮ. ಎಲ್ಲಕ್ಕಿಂತ ಮುಖ್ಯ: ತಪ್ಪು ಲಿಂಕ್ ಒತ್ತಿದೆ ಎಂದು ಬಂದು ಹೇಳಿದ ಗುಮಾಸ್ತರನ್ನು ಬೈಯಬೇಡಿ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟ ಒಂದು ಗಂಟೆಯಲ್ಲೇ ದಾಳಿ ಎಲ್ಲ ಕಂಪ್ಯೂಟರಿಗೂ ಹಬ್ಬಬಹುದು.

ಇದರಲ್ಲಿ ಹೆಚ್ಚಿನವಕ್ಕೆ ದೊಡ್ಡ ಖರ್ಚಿಲ್ಲ. ಆದರೂ ಆಗಲ್ಲ ಯಾಕೆ? ಹೊಸ ಕಂಪ್ಯೂಟರಿಗೆ ಉದ್ಘಾಟನೆ ಇದೆ, ಬ್ಯಾಕಪ್ಪಿಗೆ ಇಲ್ಲ. ಸೇವೆ ನಿಂತಾಗ ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು ಮತ್ತೆ ಬರುವವರು ಜನ. ಹಾಗಾಗಿ ಇದು ತಾಂತ್ರಿಕ ವಿಷಯಕ್ಕಿಂತ ಹೆಚ್ಚಾಗಿ ಹೊಣೆಗಾರಿಕೆಯ ವಿಷಯ. ನಿಮ್ಮೂರಿನ ಸೊಸೈಟಿಯ ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಲಾಭಾಂಶದ ಜೊತೆ ಇದನ್ನೂ ಕೇಳಿ: ಬ್ಯಾಕಪ್ಪಿನಿಂದ ದಾಖಲೆ ವಾಪಸ್ ತೆಗೆದು ನೋಡಿದ್ದು ಕೊನೆಗೆ ಯಾವಾಗ? ಉತ್ತರವನ್ನು ನಡಾವಳಿಯಲ್ಲಿ ಬರೆಸಿ.