ಮಗು ಸಣಕಲಾಗಿದೆಯೇ? ಗಾಬರಿಗೆ ಮೊದಲು ಗೆರೆ ನೋಡಿ

“ಎಂತದು ಮಾರಾಯ್ತಿ, ಮಗುವಿಗೆ ಊಟ ಹಾಕುವುದಿಲ್ವಾ? ಕೈಕಾಲು ಕಡ್ಡಿಯ ಹಾಗೆ ಉಂಟಲ್ಲ!”

ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಈ ಮಾತು ಕೇಳದ ತಾಯಿ ಅಪರೂಪ. ಹೇಳಿದವರು ಆಗಲೇ ಮರೆತುಬಿಡುತ್ತಾರೆ. ಕೇಳಿಸಿಕೊಂಡವಳಿಗೆ ಮಾತ್ರ ಆ ರಾತ್ರಿ ನಿದ್ದೆ ಇಲ್ಲ. ಮರುದಿನ ಒಂದು ಟಾನಿಕ್ಕು, ಅದರ ಮರುದಿನ ಒಂದು ಡಬ್ಬಿ ಪುಡಿ. ಮಗು ಬಾಯಿ ಬಿಗಿದಷ್ಟೂ ತಾಯಿಯ ಕಣ್ಣಲ್ಲಿ ನೀರು.

ಗುರುವಾಯನಕೆರೆಯಿಂದ ನಾರಾವಿಯತ್ತ ಹೋಗುವ ದಾರಿಯಲ್ಲಿ ಸಿಗುವ ಊರು ಅಳದಂಗಡಿ. ಅಜಿಲ ಅರಸರ ಅರಮನೆ ಇರುವ ಊರು. ಅಲ್ಲಿ ನನಗೆ ಪರಿಚಯವಿರುವ ಇಬ್ಬರು ತಾಯಂದಿರ ಅನುಭವವನ್ನು ಇಲ್ಲಿ ಹೇಳಬೇಕು. ಇಬ್ಬರ ಮಕ್ಕಳಿಗೂ ಆಗ 14 ತಿಂಗಳು.

ಎರಡು ಮಕ್ಕಳು, ಎರಡು ಗೆರೆ

ಒಬ್ಬಳದು ಗಂಡುಮಗು. ಹುಟ್ಟಿದಾಗಲೇ 2.4 ಕಿಲೋ, ಈಗ 8.3. ನೋಡಿದವರೆಲ್ಲ “ಏರಲೇ ಇಲ್ಲ” ಎನ್ನುವವರೇ. ಇನ್ನೊಬ್ಬಳದು ಹೆಣ್ಣುಮಗು, ಗುಂಡುಮುಖ, ತೂಕ 7.6 ಕಿಲೋ. ಅದರ ಬಗ್ಗೆ ಯಾರೂ ಚಕಾರ ಎತ್ತಿದ್ದಿಲ್ಲ.

ಮೊದಲನೆಯವಳು ಅಳುಮುಖದಲ್ಲೇ ಅಂಗನವಾಡಿಗೆ ಹೋದಳು. “ಟೀಚರ್, ಇವನಿಗೆ ಎಂತ ಕೊಡುವುದು ಹೇಳಿ.” ಟೀಚರ್ ತಾಯಿ ಕಾರ್ಡು ಬಿಡಿಸಿ ಬೆರಳಿಟ್ಟು ತೋರಿಸಿದರು. “ನೋಡಮ್ಮ, ಇವನ ಗೆರೆ ಕೆಳಗೆ ಉಂಟು, ಆದರೆ ತಿಂಗಳು ತಿಂಗಳು ಮೇಲೆ ಹೋಗ್ತಾ ಉಂಟು. ಸಣ್ಣದಾಗಿ ಹುಟ್ಟಿದವ, ತನ್ನ ದಾರಿಯಲ್ಲಿ ಸರಿಯಾಗಿಯೇ ಬೆಳೀತಾ ಇದ್ದಾನೆ.”

ಟೀಚರಿಗೆ ಚಿಂತೆ ಹತ್ತಿದ್ದು ಆ ಗುಂಡುಮುಖದ ಹುಡುಗಿಯ ಕಾರ್ಡು ನೋಡಿ. 11ನೇ ತಿಂಗಳಲ್ಲಿ 7.5 ಕಿಲೋ ಇದ್ದವಳು ಮೂರು ತಿಂಗಳಲ್ಲಿ ಏರಿದ್ದು ನೂರೇ ಗ್ರಾಂ! ಗೆರೆ ಇನ್ನೂ ಹಸಿರು ಪಟ್ಟಿಯೊಳಗೇ ಇತ್ತು, ಆದರೆ ಹಲಗೆಯ ಹಾಗೆ ಅಡ್ಡ ಮಲಗಿತ್ತು.

ಕಾರ್ಡು ಓದುವುದು ಹೇಗೆ?

ನಮ್ಮ ರಾಜ್ಯದಲ್ಲಿ ಅಂಗನವಾಡಿ ಯೋಜನೆ ಆರಂಭವಾದದ್ದು 1975ರ ಅಕ್ಟೋಬರ್ 2ರಂದು, ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಈಗ ಬಳಸುವ ಬೆಳವಣಿಗೆಯ ನಕ್ಷೆ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದದ್ದು. ಆರು ದೇಶಗಳ ಮಕ್ಕಳನ್ನು ಅಳೆದು ತೂಗಿ ಮಾಡಿದ ಲೆಕ್ಕ ಅದು. ಅದರಲ್ಲಿ ದೆಹಲಿಯ ಮಕ್ಕಳೂ ಇದ್ದರು. ಆದ್ದರಿಂದ “ಅದು ವಿದೇಶದ ಮಕ್ಕಳ ಲೆಕ್ಕ” ಎಂದು ತಳ್ಳಿಹಾಕುವ ಹಾಗಿಲ್ಲ.

ಹಸಿರು ಪಟ್ಟಿಯಲ್ಲಿದ್ದರೆ ತೂಕ ಸರಿ. ಹಳದಿಯಾದರೆ ಎಚ್ಚರಿಕೆ. ಕೇಸರಿಯಾದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಒಂದು ವರ್ಷಕ್ಕೆ ಹೆಣ್ಣುಮಗುವಿನ ಮಧ್ಯಮ ತೂಕ 8.9 ಕಿಲೋ, ಆದರೂ 7 ಕಿಲೋದವರೆಗೆ ಹಸಿರೇ. ಗಂಡುಮಗುವಿಗೆ ಮಧ್ಯಮ ತೂಕ 9.6, ಹಸಿರಿನ ಅಂಚು 7.7. ಎಲ್ಲ ಮಕ್ಕಳೂ ಮಧ್ಯದ ಗೆರೆಯಲ್ಲೇ ಇರಬೇಕೆಂದಿಲ್ಲ. ವರ್ಷ ದಾಟಿದ ಮೇಲೆ ತೂಕ ಏರುವ ವೇಗ ತಗ್ಗುವುದೂ ಸಹಜ. ಎರಡನೇ ವರ್ಷದಲ್ಲಿ ಎರಡು, ಎರಡೂವರೆ ಕಿಲೋ ಏರಿದರೆ ಆಯಿತು.

ಹಾಗೆಂದು ಅಸಡ್ಡೆಯೂ ಸಲ್ಲದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 5 ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 33 ಮಕ್ಕಳ ತೂಕ ವಯಸ್ಸಿಗೆ ತಕ್ಕಷ್ಟಿರಲಿಲ್ಲ.

ಹೊಟ್ಟೆ ತುಂಬಿತು, ತೂಕ ಏರಲಿಲ್ಲ

ಹುಡುಗಿಗೆ ಆದದ್ದೇನು? ಆಟಿ ತಿಂಗಳ ಮಳೆಯಲ್ಲಿ ಬೇಧಿ ಹತ್ತಿತ್ತು. ಹೊಟ್ಟೆಗೆ ಭಾರವಾದೀತೆಂದು ಅತ್ತೆ ಗಂಜಿಯ ತಿಳಿ ಕುಡಿಸಿದರು. ಬೇಧಿ ನಿಂತಿತು, ತಿಳಿ ಮಾತ್ರ ನಿಲ್ಲಲಿಲ್ಲ! ನಡುವೆ ಚಾಕ್ಕೆ ಅದ್ದಿದ ಬಿಸ್ಕತ್ತು. ಅತ್ತೆಯ ಅಕ್ಕರೆಯಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಬಟ್ಟಲಲ್ಲಿ. ಮಗುವಿನ ಹೊಟ್ಟೆ ಅದರ ಮುಷ್ಟಿಯಷ್ಟು. ಅದನ್ನು ನೀರಿನಿಂದಲೇ ತುಂಬಿಸಿದರೆ ಅನ್ನಕ್ಕೆ ಜಾಗವೆಲ್ಲಿ?

ಟೀಚರ್ ಅತ್ತೆಯನ್ನೂ ಕೂರಿಸಿಕೊಂಡು ಹೇಳಿದ್ದು ಇಷ್ಟೇ: ತಿಳಿ ಬಿಟ್ಟು ಕುಚ್ಚಲಕ್ಕಿ ಅನ್ನವನ್ನೇ ಹಿಸುಕಿ ಕೊಡಿ. ಜೊತೆಗೆ ಬೇಳೆ, ಒಂದು ಚಮಚ ತುಪ್ಪ ಅಥವಾ ತೆಂಗಿನೆಣ್ಣೆ. ಮೀನು ತಿನ್ನುವ ಮನೆಯಾದರೆ ಮುಳ್ಳು ತೆಗೆದ ಬೂತಾಯಿ. ಇಲ್ಲವಾದರೆ ಹೆಸರುಕಾಳು, ಮೊಸರು. ಹರಿವೆ, ನುಗ್ಗೆಸೊಪ್ಪು ಹಿತ್ತಿಲಲ್ಲೇ ಉಂಟಲ್ಲ! ದಿನಕ್ಕೆ ಮೂರು ನಾಲ್ಕು ಊಟ, ನಡುವೆ ಒಂದೆರಡು ಸಲ ಬಾಳೆಹಣ್ಣಿನಂಥ ತಿಂಡಿ. ಎದೆಹಾಲು ಎರಡು ವರ್ಷದವರೆಗೂ ಇರಲಿ. ಚಾ ಬೇಡ, ಅದು ಆಹಾರದ ಕಬ್ಬಿಣಾಂಶ ಮೈಗೆ ಹತ್ತಲು ಬಿಡುವುದಿಲ್ಲ. ಕಾಯಿಲೆ ಬಿದ್ದೆದ್ದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚೇ ಬೇಕು.

ಮೊಳಕೆ ರಾಗಿಯ ಮಣ್ಣಿ

ರಾಗಿಯನ್ನು ತೊಳೆದು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ. ಒಣಗಿಸಿ, ಸಣ್ಣ ಉರಿಯಲ್ಲಿ ಪರಿಮಳ ಬರುವಷ್ಟೇ ಬೆಚ್ಚಗೆ ಮಾಡಿ ಪುಡಿ ಮಾಡಿಸಿ. ಮೂರು ಚಮಚ ಈ ಹಿಟ್ಟಿಗೆ ಒಂದು ಚಮಚ ಹುರಿದ ಹೆಸರುಬೇಳೆ ಹಿಟ್ಟು ಸೇರಿಸಿ, ಒಂದು ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕೈಯಾಡಿಸುತ್ತಾ ಚೆನ್ನಾಗಿ ಬೇಯಿಸಿ. ಇಳಿಸಿದ ಮೇಲೆ ಒಂದು ಚಮಚ ತುಪ್ಪ, ಸ್ವಲ್ಪ ಗಟ್ಟಿ ಕಾಯಿಹಾಲು ಹಾಕಿ. ವರ್ಷ ದಾಟಿದ ಮಗುವಾದರೆ ಚೂರು ಬೆಲ್ಲ. ಮೊಳಕೆಯ ಹಿಟ್ಟು ಬೇಗ ಗಟ್ಟಿಯಾಗದು. ಆದ್ದರಿಂದ ಹೆಚ್ಚು ಹಿಟ್ಟು ಹಾಕಿದರೂ ಮಗು ಸಲೀಸಾಗಿ ನುಂಗುತ್ತದೆ. ಗುಟ್ಟು ಇದೇ.

ವೈದ್ಯರಿಗೆ ಯಾವಾಗ ತೋರಿಸಬೇಕು?

ಎರಡು ತಿಂಗಳು ತೂಕ ಏರದಿದ್ದರೆ, ಇಳಿದರೆ, ಪದೇ ಪದೇ ಬೇಧಿ, ಜ್ವರ, ಕೆಮ್ಮು ಬಂದರೆ, ಮಗು ಆಟ ಬಿಟ್ಟು ಮಂಕಾದರೆ ಆರೋಗ್ಯ ಕೇಂದ್ರಕ್ಕೆ ಹೋಗಿ. ಎರಡೂ ಪಾದ ಊದಿದರೆ, ಅಥವಾ ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅದೇ ದಿನ ಹೊರಡಿ. ಬೇಧಿಯಾದಾಗ ಓಆರ್‌ಎಸ್ ಕುಡಿಸಿ, ಸತುವಿನ ಮಾತ್ರೆ ಕೇಳಿ ಪಡೆಯಿರಿ; ಊಟ ನಿಲ್ಲಿಸಬೇಡಿ.

ಆ ಹುಡುಗಿ 18 ತಿಂಗಳಿಗೆ 8.6 ಕಿಲೋ ತೂಗಿದಳು. ಗೆರೆ ಎದ್ದು ನಿಂತಿತು. ಕಾರ್ಡು ಹಿಡಿದು ಮನೆಮನೆಗೆ ತೋರಿಸಿಕೊಂಡು ಬಂದವರು ಅತ್ತೆಯೇ!

ಸೋದರಿಯರೇ, ನಿಮ್ಮ ಮಗುವನ್ನು ಪಕ್ಕದ ಮನೆಯ ಮಗುವಿನ ಜೊತೆ ತೂಗಬೇಡಿ. ಕಳೆದ ತಿಂಗಳ ಅದೇ ಮಗುವಿನ ಜೊತೆ ತೂಗಿ. ಮುಂದಿನ ಸಲ ಯಾರಾದರೂ “ಎಂತ ಸಣಕಲು!” ಎಂದರೆ ಅಳಬೇಡಿ, ಮನೆಗೆ ಬಂದು ಕಾರ್ಡು ಬಿಡಿಸಿ ನೋಡಿ.