ಎರಡು ಪೈ ಬರೆದಿಟ್ಟ ಮನೆ

ಬ್ಯಾಂಕ್ ಕಟ್ಟಡವೆಂದರೆ ದಪ್ಪ ಕಂಬ, ಎತ್ತರದ ಬಾಗಿಲು ಎಂದುಕೊಂಡವರಿಗೆ ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರ ಹೆಂಚಿನ ಮನೆ ಬ್ಯಾಂಕಿನಂತೆ ಕಾಣುವುದೇ ಇಲ್ಲ. ಆದರೆ 1906ರ ಮಾರ್ಚ್ 12ರಂದು 5,000 ರೂಪಾಯಿ ಬಂಡವಾಳದೊಂದಿಗೆ ಶುರುವಾಗಿ, ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯ ಮೂಲ ಅದರ ಸ್ಥಾಪಕರಾದ ಸಾಹೇಬರ ಈ ಮನೆಯೇ. ಈಗಿಲ್ಲಿ ನಾಣ್ಯ ಸಂಗ್ರಹಾಲಯವಿದೆ. ಅಲ್ಲಿನ ಯಾವ ನಾಣ್ಯಕ್ಕಿಂತಲೂ ನನ್ನನ್ನು ಹಿಡಿದು ನಿಲ್ಲಿಸುವುದು ಬ್ಯಾಂಕಿನ ಮೊದಲ ದಿನದ ಜಮೆ: 38 ರೂಪಾಯಿ, 13 ಆಣೆ, 2 ಪೈ. ಆಣೆಗೆ 12 ಪೈ, ರೂಪಾಯಿಗೆ 16 ಆಣೆ. ಅಂದರೆ ಕೊನೆಯ ಆ ಎರಡು ಪೈ ರೂಪಾಯಿಯ 96ನೇ ಒಂದು ಪಾಲು. ಅದನ್ನೂ ಬಿಡದೆ ಕಿರ್ದಿಗೆ ಏರಿಸಿದರು. ಸಣ್ಣ ಊರಿನ ಬ್ಯಾಂಕ್ ನಂಬಿಕೆ ಗಳಿಸಿದ್ದು ಈ ಲೆಕ್ಕದಿಂದ ಮತ್ತು ಗುರುತಿನ ಹೊಸ್ತಿಲಿನಿಂದ. ಹಾಗಾಗಿ ಅದರ ವಾಸ್ತುಶಿಲ್ಪದ ಚರಿತ್ರೆಯನ್ನು ಮನೆಯಿಂದಲೇ ಆರಂಭಿಸಬೇಕು.

ಕೈಯಲ್ಲಿ ದುಡ್ಡಿರಲಿಲ್ಲ, ಮನೆಯಲ್ಲಿ ಕೂತರು, ಅದರಲ್ಲೇನು ವಾಸ್ತುಶಿಲ್ಪ ಎಂದು ಕೇಳಬಹುದು. ಬಂಡವಾಳ ಸಣ್ಣದಿತ್ತು, ನಿಜ. ಆದರೆ ಭವ್ಯ ಕಟ್ಟಡ ಠೇವಣಿಗೆ ಭದ್ರತೆಯಲ್ಲ ಎಂಬುದಕ್ಕೆ ಅದೇ ವರ್ಷವೇ ಸಾಕ್ಷಿ ಕೊಟ್ಟಿತು: ಅಕ್ಟೋಬರಿನಲ್ಲಿ ಮದರಾಸಿನ ಪ್ರತಿಷ್ಠಿತ ಆರ್ಬತ್‌ನಾಟ್ ಕಂಪನಿ ಮುಳುಗಿ, ಸಾವಿರಾರು ಜನರ ಉಳಿತಾಯ ಹೋಯಿತು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ದೊಡ್ಡವರ ಮನೆಯ ಪಡಸಾಲೆಗೆ ಎಲ್ಲರೂ ಸರಾಗವಾಗಿ ಕಾಲಿಡಲಾರರು. ಜಾತಿ, ಸಾಲದ ಋಣ ಎರಡೂ ಬಾಗಿಲಲ್ಲೇ ತಡೆಯುತ್ತವೆ. ಇದನ್ನು ಒಪ್ಪಲೇಬೇಕು. ಸಾರ್ವಜನಿಕ ರಸ್ತೆಗೆ ತೆರೆದ ಶಾಖೆ, ಎಲ್ಲರಿಗೂ ಒಂದೇ ಕೌಂಟರ್ ಬಂದದ್ದು ಮನೆಯ ಆ ಮಿತಿಯನ್ನು ದಾಟಲೆಂದೇ. ಮನೆಯನ್ನು ನೋಡದಿದ್ದರೆ ಕೌಂಟರಿನ ಬೆಲೆಯೂ ತಿಳಿಯುವುದಿಲ್ಲ.

ನಮ್ಮ ಧಾರವಾಡ ಸೀಮೆಗೆ ಈ ಮಾತು ಇನ್ನಷ್ಟು ಸಲ್ಲುತ್ತದೆ. 1904ರ ಸಹಕಾರಿ ಕಾಯ್ದೆ ಬಂದ ಮರುವರ್ಷವೇ, 1905ರ ಮೇ 8ರಂದು, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದ ಪತ್ತಿನ ಸಹಕಾರಿ ಸಂಘ ನೋಂದಣಿಯಾಯಿತು. ಕೃಷಿ ಸಾಲದ ಚರಿತ್ರೆ ಇಲ್ಲಿ ಪೇಟೆಯಿಂದಲ್ಲ, ಹಳ್ಳಿಯಿಂದ ಹೊರಟಿತು. ಹೆಸರುಗಳೋ, ಉಳಿಯುವುದಿಲ್ಲ: ಕಾರ್ಪೊರೇಷನ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು; ನಮ್ಮ ಸೀಮೆಯ ಮಲಪ್ರಭಾ ಗ್ರಾಮೀಣ ಬ್ಯಾಂಕ್ 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಾಯಿತು, 2025ರಲ್ಲಿ ಆ ಫಲಕವೂ ಇಳಿಯಿತು. ಉಡುಪಿಯ ಮನೆಗೆ ಸಂಗ್ರಹಾಲಯದ ಆಸರೆ ಸಿಕ್ಕಿದೆ. ಬಮ್ಮಿಗಟ್ಟಿ, ಕಲಘಟಗಿ ಕಡೆಯ ಊರುಗಳಲ್ಲಿ ಹಳೆಯ ಸೊಸಾಯಿಟಿ ಕಚೇರಿಗಳನ್ನು ಕೆಡವಿ ಹೊಸದು ಕಟ್ಟುವುದಾದರೆ ಕಟ್ಟಲಿ. ಅದಕ್ಕೂ ಮೊದಲು ಗೋಡೆಯ ಅಳತೆ, ನಕ್ಷೆ, ಫೋಟೊ ಮತ್ತು ಮೊದಲ ಕಿರ್ದಿ ಪುಸ್ತಕ ಜಿಲ್ಲೆಯ ದಾಖಲೆಗೆ ಸೇರಬೇಕು.