ಎಳೆ ಅಕ್ರೋಟ: ಗುಣವೆಷ್ಟು, ನಂಬಿಕೆಯೆಷ್ಟು?

ಅಕ್ರೋಟ ಎಂದೊಡನೆ ನಮಗೆ ನೆನಪಾಗುವುದು ಅಂಗಡಿಯಲ್ಲಿ ಬಾದಾಮಿ, ಗೋಡಂಬಿಯ ಪಕ್ಕದಲ್ಲಿ ಸಿಗುವ, ಮಿದುಳಿನಂತೆ ಸುಕ್ಕುಗಟ್ಟಿದ ಒಣ ತಿರುಳು. ಆದರೆ ಈ ತಿರುಳು ಬಲಿಯುವ ಮೊದಲೇ ಹಸಿರು ಕಾಯಿಯನ್ನು ಇಡಿಯಾಗಿ ಕಿತ್ತು ತಿನಿಸು ಮಾಡುವ ದೇಶಗಳು ಹಲವು. ಅದನ್ನೇ ಔಷಧವೆಂದು ಮಾರುವವರೂ ಇದ್ದಾರೆ. ಹಾಗಾದರೆ ಈ ಎಳೆಗಾಯಿಯಲ್ಲಿ ನಿಜಕ್ಕೂ ಇರುವುದೇನು?

ಎಳೆ ಅಕ್ರೋಟ ಕೊಯ್ಯಲು ಒಂದು ಹದವಿದೆ. ಒಳಗಿನ ಚಿಪ್ಪು ಗಟ್ಟಿಯಾಗಿರಬಾರದು. ಸೂಜಿ ಚುಚ್ಚಿದರೆ ಸಲೀಸಾಗಿ ಹಾಯಬೇಕು. ಗೊರಟು ಬಲಿಯುವ ಮುನ್ನ ಮಾವಿನ ಮಿಡಿ ಕೊಯ್ಯುವ ನಮ್ಮವರಿಗೆ ಈ ಲೆಕ್ಕಾಚಾರ ಹೊಸದೇನಲ್ಲ. ಇಟಲಿಯ ಮೊಡೆನಾ ಸೀಮೆಯಲ್ಲಿ ಜೂನ್ 24ರ ಸಂತ ಯೋಹಾನನ ಹಬ್ಬದ ಹೊತ್ತಿಗೆ ಕೊಯ್ದು, ಮದ್ಯಸಾರದಲ್ಲಿ ನೆನೆಹಾಕಿ ‘ನೊಚಿನೊ’ ಎಂಬ ಪಾನೀಯ ತಯಾರಿಸುತ್ತಾರೆ. ಇಂಗ್ಲೆಂಡಿನಲ್ಲಿ ಉಪ್ಪುನೀರಿನಲ್ಲಿಟ್ಟು, ಗಾಳಿ ಬಿಸಿಲಿಗೆ ಹರವಿ, ವಿನೆಗರಿನಲ್ಲಿ ಉಪ್ಪಿನಕಾಯಿ ಹಾಕುತ್ತಾರೆ. ಅರ್ಮೇನಿಯಾದಲ್ಲಿ ಸಿಪ್ಪೆ ಹೆರೆದು, ನೀರು ಬದಲಿಸುತ್ತ ದಿನಗಟ್ಟಲೆ ನೆನೆಸಿ ಒಗರು ತೆಗೆದು, ಸಕ್ಕರೆ ಪಾಕದಲ್ಲಿ ಕುದಿಸಿ ಮುರಬ್ಬ ಮಾಡುತ್ತಾರೆ. ಮೂರೂ ಕಡೆ ಹಸಿರು ಕಾಯಿ ಕೊನೆಗೆ ಕಪ್ಪಾಗುತ್ತದೆ.

ಈ ಕಪ್ಪಿಗೆ ಮುಖ್ಯ ಕಾರಣ ಹಸಿರು ಸಿಪ್ಪೆಯಲ್ಲಿರುವ, ಗಾಳಿ ತಾಗಿದರೆ ಬಣ್ಣ ತಳೆಯುವ ಜುಗ್ಲೋನ್ ಎಂಬ ವಸ್ತು. ಗೋರಂಟಿಗೆ ಕೆಂಪು ಕೊಡುವ ಲಾಸೋನ್ ಇದರ ರಾಸಾಯನಿಕ ಸೋದರ. ಅಕ್ರೋಟದ ಸಿಪ್ಪೆಯಿಂದ ಉಣ್ಣೆಗೆ, ಎಳೆಗಾಯಿಯಿಂದ ಕೂದಲಿಗೆ ಬಣ್ಣ ಹಾಕುತ್ತಿದ್ದುದನ್ನು ಕ್ರಿ.ಶ. 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ದಾಖಲಿಸಿದ್ದಾನೆ. ಕಾಶ್ಮೀರದಲ್ಲಿ ಸೆಪ್ಟೆಂಬರ್ ಸುಗ್ಗಿಯಲ್ಲಿ ಸಿಪ್ಪೆ ಬಿಡಿಸುವವರ ಕೈ ಕಪ್ಪಾಗುವುದೂ ಇದರಿಂದಲೇ.

ಜೀವಸತ್ವದ ಕಣಜ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿಗೆ ಕಿತ್ತಳೆಯ ಆಮದು ಕುಸಿದಾಗ ಅಲ್ಲಿನ ವಿಜ್ಞಾನಿಗಳು ಸಿ ಜೀವಸತ್ವಕ್ಕಾಗಿ ದೇಶೀಯ ಗಿಡಮರಗಳನ್ನು ಹುಡುಕಿದರು. ಆಗ ಅವರ ಗಮನ ಸೆಳೆದವುಗಳಲ್ಲಿ ಎಳೆ ಅಕ್ರೋಟವೂ ಒಂದು. ನೂರು ಗ್ರಾಂ ಕಿತ್ತಳೆಯಲ್ಲಿ ಸುಮಾರು 50 ಮಿಲಿಗ್ರಾಂ ಸಿ ಜೀವಸತ್ವವಿದ್ದರೆ, ಎಳೆ ಅಕ್ರೋಟದಲ್ಲಿ ಅದರ ಹಲವು ಪಟ್ಟು ಇರುತ್ತದೆ. ಬಲಿತು ಒಣಗಿದ ತಿರುಳಿನಲ್ಲಿ ಉಳಿಯುವುದು ಒಂದು ಮಿಲಿಗ್ರಾಂ ಆಸುಪಾಸು ಮಾತ್ರ. ಅಷ್ಟರಲ್ಲಿ ತಿರುಳು ಬೇರೆ ಸಂಪತ್ತು ಕೂಡಿಸಿಕೊಂಡಿರುತ್ತದೆ: ನೂರು ಗ್ರಾಂನಲ್ಲಿ ಸುಮಾರು 65 ಗ್ರಾಂ ಕೊಬ್ಬು, 15 ಗ್ರಾಂ ಪ್ರೋಟೀನು. ಆ ಕೊಬ್ಬಿನಲ್ಲಿ ಸುಮಾರು 9 ಗ್ರಾಂ ಒಮೆಗಾ-3 ವರ್ಗದ ಮೇದಾಮ್ಲ.

ಆದರೆ ಸಿ ಜೀವಸತ್ವ ನೀರಿನಲ್ಲಿ ಕರಗುವಂಥದ್ದು, ಕಾಯಿಸಿದರೆ ನಾಶವಾಗುವಂಥದ್ದು. ದಿನಗಟ್ಟಲೆ ನೆನೆಸಿ ಕುದಿಸಿದ ಮುರಬ್ಬದಲ್ಲಿ ಅದು ಹೆಚ್ಚು ಉಳಿಯುವುದಿಲ್ಲ. ನೆನೆಸದೆ ತಿನ್ನೋಣವೆಂದರೆ ಕಾಯಿ ವಿಪರೀತ ಕಹಿ, ಒಗರು. ಹೀಗಾಗಿ ಎಳೆ ಅಕ್ರೋಟದ ತಿನಿಸುಗಳನ್ನು ರುಚಿಗಾಗಿ ತಿನ್ನಬೇಕೇ ಹೊರತು ಜೀವಸತ್ವಕ್ಕಾಗಿ ಅಲ್ಲ.

ಔಷಧವೆಂಬ ಮಾತು

ಮಿದುಳಿನ ಆಕಾರದ ಅಕ್ರೋಟ ತಲೆಗೆ ಒಳ್ಳೆಯದೆಂದು ಇಂಗ್ಲೆಂಡಿನ ವಿಲಿಯಂ ಕೋಲ್ಸ್ 1657ರಲ್ಲೇ ಬರೆದ. ರೂಪ ನೋಡಿ ಗುಣ ಹೇಳುವ ಆ ಕಾಲದ ಪದ್ಧತಿ ಅದು. ಇಂಥ ನಂಬಿಕೆಯಿಂದ ದೊಡ್ಡ ಹಾನಿಯಿಲ್ಲ. ಆದರೆ ಅಮೆರಿಕದ ಹುಲ್ಡಾ ಕ್ಲಾರ್ಕ್ 1993ರಲ್ಲಿ ಪ್ರಕಟಿಸಿದ ಪುಸ್ತಕದ ಮಾತು ಬೇರೆ. ಎಲ್ಲ ಕ್ಯಾನ್ಸರಿಗೂ ಒಂದು ಪರೋಪಜೀವಿ ಹುಳುವೇ ಕಾರಣ, ಕಪ್ಪು ಅಕ್ರೋಟದ ಹಸಿರು ಸಿಪ್ಪೆಯ ಅರ್ಕ ಮುಂತಾದವುಗಳಿಂದ ಅದನ್ನು ಕೊಂದರೆ ಕಾಯಿಲೆ ವಾಸಿ ಎಂದು ಆಕೆ ಸಾರಿದರು. ಇದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. 2009ರಲ್ಲಿ ಆಕೆ ತೀರಿಕೊಂಡದ್ದೂ ಮಲ್ಟಿಪಲ್ ಮೈಲೋಮಾ ಎಂಬ ಕ್ಯಾನ್ಸರಿನಿಂದಲೇ.

ಪ್ರಯೋಗಾಲಯದಲ್ಲಿ ಜುಗ್ಲೋನ್ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ನಿಜ. ಆದರೆ ಗಾಜಿನ ನಳಿಕೆಯಲ್ಲಿ ಕೊಂದದ್ದೆಲ್ಲ ದೇಹದೊಳಗೆ ಔಷಧವಾಗುವುದಿಲ್ಲ. ಅದೇ ಜುಗ್ಲೋನ್ ಚರ್ಮಕ್ಕೆ ಉರಿ ತರಬಲ್ಲದು, ಮೀನುಗಳಿಗೆ ವಿಷ. ಐರೋಪ್ಯ ಔಷಧ ಸಂಸ್ಥೆ ಒಪ್ಪಿರುವುದು ಅಕ್ರೋಟದ ಎಲೆಯನ್ನು. ಅದೂ ಚರ್ಮದ ಸಣ್ಣಪುಟ್ಟ ಉರಿಯೂತಕ್ಕೆ, ಕೈಕಾಲು ಬೆವರುವುದಕ್ಕೆ ಹೊರಗಿನಿಂದ ಬಳಸಲು, ರೂಢಿಯ ಆಧಾರದ ಮೇಲಷ್ಟೆ.

ಅರ್ಮೇನಿಯಾದ ಮುರಬ್ಬ ಎಂದಾದರೂ ಕೈಗೆ ಸಿಕ್ಕರೆ, ಅಕ್ರೋಟದ ಅಲರ್ಜಿ ಇಲ್ಲದವರು ಸವಿಯಬಹುದು. ಸಿ ಜೀವಸತ್ವ ಬೇಕಾದವರಿಗೆ ನಮ್ಮ ಸಂತೆಯಲ್ಲಿ ನೆಲ್ಲಿಕಾಯಿ, ಸೀಬೆ ಅಗ್ಗದಲ್ಲಿ ಸಿಗುತ್ತವೆ. ರೋಗ ವಾಸಿಮಾಡುತ್ತದೆಂದು ಯಾರಾದರೂ ಸಿಪ್ಪೆಯ ಅರ್ಕ ಮಾರಲು ಬಂದರೆ ಮಾತ್ರ, ಮೊದಲು ವೈದ್ಯರನ್ನು ಕೇಳುವುದೇ ಲೇಸು.